ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿ ಮೈಲೇಜನ್ನು ಎಷ್ಟು ನಂಬಬಹುದು?

ದೂರದಾರಿ

ಎಲ್ಲರಿಗೂ ನಮಸ್ಕಾರ. ನನ್ನದು 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುವಲ್ ಗೇರ್. ಸ್ಕ್ರೀನಿನಲ್ಲಿ ಬರುವ ಸರಾಸರಿ ಮೈಲೇಜಿಗೂ ಬಂಕಿನ ಬಿಲ್ಲಿಗೂ ತಾಳೆಯಾಗುತ್ತಿಲ್ಲ.

ಹಿಂದಿನ ಸಲ ಟ್ಯಾಂಕ್ ಫುಲ್ ಮಾಡಿಸಿದಾಗ ಟ್ರಿಪ್ ಮೀಟರ್ 412 ಕಿ.ಮೀ. ತೋರಿಸುತ್ತಿತ್ತು, ಹಿಡಿದದ್ದು 24.3 ಲೀಟರ್. ಭಾಗಿಸಿದರೆ 17ಕ್ಕೂ ಸ್ವಲ್ಪ ಕಡಿಮೆ. ಸ್ಕ್ರೀನಿನಲ್ಲಿ 18.6 ಇತ್ತು. ಈ ಸಲ 438 ಕಿ.ಮೀ., 24.1 ಲೀಟರ್. ಲೆಕ್ಕದಲ್ಲಿ 18.2, ಸ್ಕ್ರೀನಿನಲ್ಲಿ 18.4. ಎರಡು ಸಲವೂ ಫುಲ್ ಮಾಡಿಸಿದ ಕೂಡಲೇ ಟ್ರಿಪ್ ಮತ್ತು ಸರಾಸರಿ ಎರಡನ್ನೂ ರಿಸೆಟ್ ಮಾಡಿದ್ದೇನೆ. ಓಡಿಸುವ ದಾರಿಯೂ ಹೆಚ್ಚುಕಡಿಮೆ ಒಂದೇ.

ಒಂದು ಸಲ ದೊಡ್ಡ ವ್ಯತ್ಯಾಸ, ಇನ್ನೊಂದು ಸಲ ಏನೂ ಇಲ್ಲ ಅನ್ನುವಷ್ಟು. ಇದರಲ್ಲಿ ಯಾವುದನ್ನು ನಂಬುವುದು? ಸೆನ್ಸರ್ ಏನಾದರೂ ಕೆಟ್ಟಿರಬಹುದಾ?

ನಾಲ್ಕುಚಕ್ರ

ಸೆನ್ಸರ್ ಕೆಟ್ಟಿಲ್ಲ ಸರ್. ಎಲ್ಲ ಕಾರಿನ ಸ್ಕ್ರೀನೂ ಜಾಸ್ತಿಯೇ ತೋರಿಸುತ್ತದೆ. ಒಂದು ಕಿಲೋಮೀಟರ್ ಕಳೆದುಬಿಡಿ, ಅದೇ ನಿಜವಾದ ಮೈಲೇಜ್. ಟ್ಯಾಂಕ್ ಫುಲ್ ಲೆಕ್ಕವೊಂದೇ ಸತ್ಯ, ಉಳಿದದ್ದೆಲ್ಲ ಸುಮ್ನೆ ಖುಷಿಗೆ.

ಲೆಕ್ಕದಪುಸ್ತಕ

ನಾಲ್ಕುಚಕ್ರ ಅವರ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ಒಂದು ಟ್ಯಾಂಕಿನ ಲೆಕ್ಕಕ್ಕೆ ಅಷ್ಟು ನಂಬಿಕೆ ಕೊಡಲು ಆಗುವುದಿಲ್ಲ. ದೂರದಾರಿ ಅವರ ಅಂಕಿಗಳೇ ಅದನ್ನು ತೋರಿಸುತ್ತಿವೆ.

ಬಂಕಿನ ಲೆಕ್ಕ ಒಂದು ಸಲ 16.95, ಇನ್ನೊಂದು ಸಲ 18.17. ಅದೇ ಕಾರು, ಅದೇ ದಾರಿ, ಓಡಿಸಿದವರೂ ಒಬ್ಬರೇ. ಸ್ಕ್ರೀನ್ ಮಾತ್ರ 18.6, 18.4 ಅಂತ ಹತ್ತಿರ ಹತ್ತಿರವೇ ನಿಂತಿದೆ. ಹಾಗಾದರೆ ಅಲ್ಲಾಡುತ್ತಿರುವುದು ಯಾವುದು? ಟ್ಯಾಂಕ್ ಫುಲ್ ಲೆಕ್ಕ.

ಕಾರಣ ನಾಝಲ್ ಕಟ್ ಆಗುವ ಜಾಗ. ನಾಝಲಿನ ತುದಿಯಲ್ಲಿ ಒಂದು ಸಣ್ಣ ರಂಧ್ರ ಇರುತ್ತದೆ. ಪೆಟ್ರೋಲ್ ಮೇಲೇರಿ ಅದನ್ನು ಮುಚ್ಚಿದಾಗ ಒಳಗಿನ ಗಾಳಿಯ ಎಳೆತ ಬದಲಾಗಿ ಹಿಡಿಕೆ ತಾನೇ ಬಿಟ್ಟುಕೊಳ್ಳುತ್ತದೆ. ಈ ಮಟ್ಟ ಪ್ರತಿ ಸಲ ಒಂದೇ ಇರುವುದಿಲ್ಲ. ನಾಝಲ್ ಎಷ್ಟು ಒಳಗೆ ಹೋಗಿದೆ, ಎಷ್ಟು ವೇಗವಾಗಿ ಹಾಕುತ್ತಿದ್ದಾರೆ, ನೊರೆ ಎಷ್ಟು ಬಂತು, ಕಾರು ಯಾವ ಕಡೆ ಸ್ವಲ್ಪ ವಾಲಿ ನಿಂತಿದೆ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಅರ್ಧ ಲೀಟರ್, ಒಂದು ಲೀಟರ್ ಆಚೀಚೆ ಆಗುವುದು ಮಾಮೂಲಿ.

ಈಗ ನೋಡಿ. ಹಿಂದಿನ ಸಲ 0.8 ಲೀಟರ್ ಜಾಸ್ತಿ ಹಿಡಿಯಿತು ಅಂತ ಇಟ್ಟುಕೊಳ್ಳೋಣ. ಆ 0.8 ಲೀಟರ್ ಟ್ಯಾಂಕಿನಲ್ಲೇ ಇತ್ತು. ಹಾಗಾಗಿ ಈ ಸಲ ಮಾಮೂಲಿ ಮಟ್ಟಕ್ಕೆ ತುಂಬಿಸಿದಾಗ 0.8 ಲೀಟರ್ ಕಡಿಮೆ ಹಿಡಿಯಿತು. ಅದನ್ನು ಸರಿಪಡಿಸಿದರೆ ಹಿಂದಿನದು 23.5 ಲೀಟರ್, ಈ ಸಲದ್ದು 24.9 ಲೀಟರ್. ಮೈಲೇಜ್ ಕ್ರಮವಾಗಿ 17.53 ಮತ್ತು 17.59. ಎರಡೂ ಒಂದೇ ಅನ್ನುವಷ್ಟು ಹತ್ತಿರ ಬಂತು, ಅಲ್ವಾ? ನಿಜವಾಗಿ ಎಷ್ಟು ಜಾಸ್ತಿ ಹಿಡಿಯಿತೋ ನಮಗೆ ಗೊತ್ತಾಗುವುದಿಲ್ಲ. ಆದರೆ ನಿಮ್ಮ ಎರಡು ಅಂಕಿಗಳ ನಡುವಿನ ಜಗಳ ಬಿಡಿಸಲು ಒಂದು ಲೀಟರಿಗಿಂತ ಕಡಿಮೆ ಪೆಟ್ರೋಲ್ ಸಾಕು ಅನ್ನುವುದು ಸ್ಪಷ್ಟ.

ಆದ್ದರಿಂದ ಎರಡನ್ನೂ ಸೇರಿಸಿ. 850 ಕಿ.ಮೀ.ಗೆ 48.4 ಲೀಟರ್. 17.56 ಬರುತ್ತದೆ. ಸ್ಕ್ರೀನ್ ಸುಮಾರು 18.5. ನಿಮ್ಮ ಸ್ಕ್ರೀನ್ ಶೇ 5ರಷ್ಟು ಜಾಸ್ತಿ ತೋರಿಸುತ್ತಿದೆ ಅಂತ ಸದ್ಯಕ್ಕೆ ಇಟ್ಟುಕೊಳ್ಳಬಹುದು. ಹೀಗೇ ಕೂಡಿಸುತ್ತಾ ಹೋಗಿ. ಮೊದಲ ಫುಲ್ಲಿಗೂ ಕೊನೆಯ ಫುಲ್ಲಿಗೂ ಮಟ್ಟದಲ್ಲಿ ಒಂದು ಲೀಟರ್ ವ್ಯತ್ಯಾಸ ಇದ್ದರೆ, 25 ಲೀಟರ್ ಲೆಕ್ಕದಲ್ಲಿ ಅದು ಶೇ 4ರ ತಪ್ಪು. 250 ಲೀಟರ್ ಕೂಡಿಸಿದ ಮೇಲೆ ಅದೇ ಒಂದು ಲೀಟರ್ ಬರೀ ಶೇ 0.4. ನಡುವಿನ ಫುಲ್‌ಗಳಲ್ಲಿ ಹೆಚ್ಚುಕಡಿಮೆ ಆದದ್ದೆಲ್ಲ ತಾನಾಗಿ ವಜಾ ಆಗಿಬಿಡುತ್ತದೆ.

ಸಾಧ್ಯವಾದರೆ ಒಂದೇ ಬಂಕ್, ಒಂದೇ ಪಂಪ್, ಕಾರು ನಿಲ್ಲಿಸುವ ದಿಕ್ಕೂ ಒಂದೇ ಇರಲಿ. ಮೊದಲ ಸಲ ಕಟ್ ಆದ ಕೂಡಲೇ ಸಾಕು ಅನ್ನಿ. ಬಿಲ್ ರೌಂಡ್ ಮಾಡಲು ಇನ್ನೂ ಸ್ವಲ್ಪ ಹಾಕುತ್ತೇನೆ ಅಂದರೆ ಬೇಡ ಅನ್ನಿ. ಲೆಕ್ಕ ಕೆಡುವುದು ಒಂದು ಕಡೆ. ಕತ್ತಿನವರೆಗೆ ತುಂಬಿಸಿದರೆ ಪೆಟ್ರೋಲ್ ಆವಿ ಹಿಡಿದಿಡುವ ಇದ್ದಿಲಿನ ಡಬ್ಬಿಗೆ ದ್ರವವೇ ನುಗ್ಗಿ ಅದು ಹಾಳಾಗಬಹುದು.

ಸ್ಪ್ಯಾನರ್

ಲೆಕ್ಕದಪುಸ್ತಕ ಅವರು ಬಂಕಿನ ಕಡೆಯದನ್ನು ಸರಿಯಾಗಿ ಹೇಳಿದ್ದಾರೆ. ನಾನು ಕಾರಿನ ಒಳಗಿನದನ್ನು ಹೇಳುತ್ತೇನೆ. ಇಂಜಿನ್ ಟ್ಯೂನಿಂಗ್ ನನ್ನ ಕೆಲಸ, ಈ ಪ್ರಶ್ನೆ ನನ್ನ ಹತ್ತಿರ ತುಂಬಾ ಸಲ ಬರುತ್ತದೆ.

ಸ್ಕ್ರೀನಿನ ಮೈಲೇಜ್ ಟ್ಯಾಂಕಿನಲ್ಲಿ ಪೆಟ್ರೋಲ್ ಮಟ್ಟ ತಿಳಿಸುವ ತೇಲುಗುಂಡು ನೋಡಿ ಬರುತ್ತದೆ ಅಂತ ಹಲವರು ಅಂದುಕೊಂಡಿರುತ್ತಾರೆ. ತೇಲುಗುಂಡು ಮುಳ್ಳು ತೋರಿಸಲು ಮಾತ್ರ. ಏರಿನಲ್ಲಿ, ತಿರುವಿನಲ್ಲಿ ಪೆಟ್ರೋಲ್ ಆಚೀಚೆ ತುಳುಕುವಾಗ ಅದರಿಂದ ಮೈಲೇಜ್ ಲೆಕ್ಕ ಹಾಕಲು ಆಗುವುದಿಲ್ಲ. ಪೈಪಿನಲ್ಲಿ ಹರಿಯುವ ಪೆಟ್ರೋಲನ್ನು ಅಳೆಯುವ ಮೀಟರ್ ಕೂಡ ಸಾಮಾನ್ಯ ಕಾರಿನಲ್ಲಿ ಇರುವುದಿಲ್ಲ. ಇಂಜಿನ್ ನಡೆಸುವ ಕಂಪ್ಯೂಟರ್ (ಇಸಿಯು) ತಾನೇ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ತೆರೆದು ಮುಚ್ಚುತ್ತದೆ. ಪ್ರತಿ ಸಲ ಎಷ್ಟು ಹೊತ್ತು ತೆರೆದಿತ್ತು ಅನ್ನುವುದು ಅದಕ್ಕೆ ಗೊತ್ತು. ಈ ಒತ್ತಡದಲ್ಲಿ ಈ ಇಂಜೆಕ್ಟರ್ ಇಷ್ಟು ಹೊತ್ತಿಗೆ ಇಷ್ಟು ಪೆಟ್ರೋಲ್ ಬಿಡುತ್ತದೆ ಅಂತ ಅದರೊಳಗೆ ಒಂದು ಕೋಷ್ಟಕ ಇದೆ. ಎಲ್ಲ ಹನಿಗಳನ್ನೂ ಕೂಡಿಸಿ, ಚಕ್ರದ ಅಥವಾ ಗೇರ್‌ಬಾಕ್ಸಿನ ಸೆನ್ಸರಿನಿಂದ ಬಂದ ದೂರಕ್ಕೆ ಹೊಂದಿಸುತ್ತದೆ. ಅದೇ ನೀವು ನೋಡುವ ಸಂಖ್ಯೆ. ಇದು ಅಳತೆ ಅನ್ನುವುದಕ್ಕಿಂತ ಅಂದಾಜು. ತುಂಬಾ ಒಳ್ಳೆಯ ಅಂದಾಜು.

ತಪ್ಪು ಎಲ್ಲಿ ಬರುತ್ತದೆ ಅಂದರೆ ಆ ಕೋಷ್ಟಕದಲ್ಲಿ. ಕೋಷ್ಟಕ ಮಾದರಿ ಇಂಜೆಕ್ಟರಿನದ್ದು. ನಿಮ್ಮ ಕಾರಿನಲ್ಲಿರುವ ಇಂಜೆಕ್ಟರ್ ಅದಕ್ಕಿಂತ ಸ್ವಲ್ಪ ಜಾಸ್ತಿ ಅಥವಾ ಕಡಿಮೆ ಬಿಡುವಂಥದ್ದು ಇರಬಹುದು. ಇನ್ನೊಂದು ವಿಷಯ ಇಂಜೆಕ್ಟರ್ ತೆರೆಯಲು ತೆಗೆದುಕೊಳ್ಳುವ ಸಮಯ. ಕರೆಂಟ್ ಬಂದ ತಕ್ಷಣ ಅದು ಪೂರ್ತಿ ತೆರೆದುಕೊಳ್ಳುವುದಿಲ್ಲ. ಮಾಮೂಲಿ ಪೋರ್ಟ್ ಇಂಜೆಕ್ಷನ್ (ಇಂಜಿನಿಗೆ ಗಾಳಿ ಹೋಗುವ ದಾರಿಯಲ್ಲೇ ಪೆಟ್ರೋಲ್ ಚಿಮ್ಮಿಸುವ) ಕಾರಿನಲ್ಲಿ ಸುಮಾರು ಒಂದು ಮಿಲಿಸೆಕೆಂಡ್ ಬೇಕು, ಬ್ಯಾಟರಿ ವೋಲ್ಟೇಜ್ ಕಡಿಮೆಯಾದರೆ ಇನ್ನೂ ಜಾಸ್ತಿ. ಇಸಿಯು ಇದನ್ನೂ ಕಳೆದೇ ಲೆಕ್ಕ ಹಾಕುತ್ತದೆ. ಆದರೆ ಅದರಲ್ಲಿ ಸಣ್ಣ ತಪ್ಪಿದ್ದರೂ, ಇಂಜಿನ್ ಐಡಲಿಂಗಿನಲ್ಲಿ ಇದ್ದು ಇಂಜೆಕ್ಟರ್ ಎರಡು ಮೂರು ಮಿಲಿಸೆಕೆಂಡ್ ಮಾತ್ರ ತೆರೆಯುತ್ತಿರುವಾಗ ಆ ತಪ್ಪು ದೊಡ್ಡದಾಗುತ್ತದೆ. ಹೈವೇಯಲ್ಲಿ ಉದ್ದುದ್ದ ತೆರೆಯುವಾಗ ಅದೇ ತಪ್ಪು ಮುಳುಗಿಹೋಗುತ್ತದೆ. ಹಾಗಾಗಿ ನಿಮ್ಮ ಕಾರಿನ ಶೇ 5 ಹೈವೇಯಲ್ಲಿ ಶೇ 4, ಟ್ರಾಫಿಕ್ಕಿನಲ್ಲಿ ಶೇ 6 ಆದರೆ ಆಶ್ಚರ್ಯ ಇಲ್ಲ.

ಮುಖ್ಯವಾದ ಮಾತು ಇದು. ಈ ತಪ್ಪುಗಳು ದಿನಕ್ಕೊಂದು ದಿಕ್ಕಿಗೆ ಹೋಗುವಂಥವಲ್ಲ. ಒಂದು ಕಾರು ಜಾಸ್ತಿ ತೋರಿಸುತ್ತದೆ ಅಂದರೆ ಸಾಮಾನ್ಯವಾಗಿ ಜಾಸ್ತಿಯೇ ತೋರಿಸುತ್ತಾ ಹೋಗುತ್ತದೆ, ಅದೂ ಹೆಚ್ಚುಕಡಿಮೆ ಅಷ್ಟೇ. ಐದು ನಿಮಿಷ ಮುಂದಿರುವ ಗಡಿಯಾರದ ಹಾಗೆ. ಎಷ್ಟು ಮುಂದಿದೆ ಅಂತ ಗೊತ್ತಿದ್ದರೆ ಅದರಿಂದ ಬಸ್ ಹಿಡಿಯಬಹುದು.

ಬೆಟ್ಟದಹಾದಿ

ಇಬ್ಬರೂ ಲೀಟರಿನ ಬಗ್ಗೆ ಬರೆದಿದ್ದೀರಿ. ಕಿಲೋಮೀಟರ್ ಸರಿ ಇದೆಯಾ ಅಂತ ಯಾರೂ ಕೇಳಲಿಲ್ಲ.

ಟ್ಯಾಂಕ್ ಫುಲ್ ಲೆಕ್ಕಕ್ಕೂ ಸ್ಕ್ರೀನಿನ ಲೆಕ್ಕಕ್ಕೂ ದೂರ ಬರುವುದು ಒಂದೇ ಕಡೆಯಿಂದ. ಅದು ತಪ್ಪಿದ್ದರೆ ಎರಡೂ ಒಟ್ಟಿಗೆ ತಪ್ಪುತ್ತವೆ. ಎರಡನ್ನೂ ಹೋಲಿಸಿ ನೋಡಿದರೆ ಆ ತಪ್ಪು ಕಾಣುವುದೇ ಇಲ್ಲ.

ಕಾರು ದೂರ ಲೆಕ್ಕ ಹಾಕುವುದು ಚಕ್ರ ಎಷ್ಟು ಸುತ್ತು ಸುತ್ತಿತು ಅನ್ನುವುದರಿಂದ. ಹೊಸ ಟೈರಿನ ಮೇಲಿನ ಗೀರುಗಳು (ಟ್ರೆಡ್) ಸುಮಾರು 8 ಮಿ.ಮೀ. ಆಳ ಇರುತ್ತವೆ. ಬದಲಾಯಿಸಲೇಬೇಕು ಅನ್ನುವ ಹೊತ್ತಿಗೆ 1.6 ಮಿ.ಮೀ. ಅಂದರೆ ಚಕ್ರದ ತ್ರಿಜ್ಯ ಸುಮಾರು 6.4 ಮಿ.ಮೀ. ಕಡಿಮೆಯಾಗಿರುತ್ತದೆ. ಚಕ್ರದ ಮಧ್ಯದಿಂದ ರಸ್ತೆಗೆ 300 ಮಿ.ಮೀ. ಅಂತ ಹಿಡಿದರೆ ಶೇ 2ರಷ್ಟು. ಸವೆದ ಟೈರಿನಲ್ಲಿ 100 ಕಿ.ಮೀ. ಹೋದರೆ ಮೀಟರಿನಲ್ಲಿ 102 ಬರುತ್ತದೆ. ಮೈಲೇಜೂ ಶೇ 2 ಜಾಸ್ತಿ ಕಾಣುತ್ತದೆ. ಹೊಸ ಟೈರ್ ಹಾಕಿಸಿದ ಮೇಲೆ ಮೈಲೇಜ್ ಬಿದ್ದುಹೋಯಿತು ಅನ್ನುವವರ ದೂರಿನಲ್ಲಿ ಇದೂ ಒಂದು ಪಾಲು ಇದೆ. ಕಂಪನಿ ಕೊಟ್ಟದ್ದಕ್ಕಿಂತ ದೊಡ್ಡ ಟೈರ್ ಹಾಕಿಸಿದರೆ ಉಲ್ಟಾ ಆಗುತ್ತದೆ: ಮೀಟರ್ ಕಡಿಮೆ ದೂರ ತೋರಿಸುತ್ತದೆ, ಮೈಲೇಜ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಪರೀಕ್ಷಿಸಲು ಉದ್ದದ, ನೇರವಾದ ಹೆದ್ದಾರಿ ಹಿಡಿಯಿರಿ. ಕಿಲೋಮೀಟರ್ ಕಲ್ಲುಗಳಿಗೋ ಮೊಬೈಲಿನ ಜಿಪಿಎಸ್ ದೂರಕ್ಕೋ ಟ್ರಿಪ್ ಮೀಟರನ್ನು ಹೋಲಿಸಿ. ಸಣ್ಣ ದೂರ ಸಾಲುವುದಿಲ್ಲ. ಸುರಂಗ, ಘಾಟಿ, ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಕೂಡ ದಾರಿ ತಪ್ಪುತ್ತದೆ.

ದೂರದಾರಿ

ಇದು ನನಗೆ ಹೊಳೆದಿರಲೇ ಇಲ್ಲ. ಜಿಪಿಎಸ್‌ನಲ್ಲಿ ನೋಡಿದರೆ ನನ್ನ ಸ್ಪೀಡೋಮೀಟರ್ 100 ತೋರಿಸುವಾಗ ನಿಜವಾದ ವೇಗ 95ರ ಹತ್ತಿರ ಇರುತ್ತದೆ. ಹಾಗಾದರೆ ದೂರವೂ ಶೇ 5 ಜಾಸ್ತಿ ಬರುತ್ತಿದೆಯಾ?

ಬೆಟ್ಟದಹಾದಿ

ಇಲ್ಲ, ಅವೆರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ಸ್ಪೀಡೋಮೀಟರ್ ಬೇಕಂತಲೇ ಸ್ವಲ್ಪ ಮುಂದೆ ಇಟ್ಟಿರುತ್ತಾರೆ. ವಿಶ್ವಸಂಸ್ಥೆಯ ವಾಹನ ನಿಯಮ 39ರ ಪ್ರಕಾರ ಅದು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಜಾಸ್ತಿ ತೋರಿಸಬಹುದು, ಆದರೆ ಹತ್ತನೇ ಒಂದು ಭಾಗ ಮತ್ತು ಅದರ ಮೇಲೆ ಗಂಟೆಗೆ 4 ಕಿ.ಮೀ. ದಾಟಬಾರದು. ಅಂದರೆ 100ರಲ್ಲಿ ಹೋಗುವಾಗ 114ರವರೆಗೂ ತೋರಿಸಬಹುದು. ದೂರ ತೋರಿಸುವ ಓಡೋಮೀಟರಿಗೆ ಈ ಹೆಚ್ಚುವರಿ ಸೇರಿಸಿರುವುದಿಲ್ಲ, ಅದು ಸಾಮಾನ್ಯವಾಗಿ ನಿಜಕ್ಕೆ ತುಂಬಾ ಹತ್ತಿರ ಇರುತ್ತದೆ. ವೇಗ ನೋಡಿ ದೂರದ ಬಗ್ಗೆ ತೀರ್ಮಾನ ಮಾಡಬೇಡಿ, ದೂರವನ್ನೇ ಅಳೆಯಿರಿ.

ನಾಲ್ಕುಚಕ್ರ

ಎಲ್ಲ ಸರಿ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ತಪ್ಪು ಬರುವುದು ಇಂಜೆಕ್ಟರ್ ವ್ಯತ್ಯಾಸದಿಂದ ಅಂದರೆ ಅರ್ಧ ಕಾರುಗಳು ಜಾಸ್ತಿ ತೋರಿಸಬೇಕು, ಅರ್ಧ ಕಾರುಗಳು ಕಡಿಮೆ ತೋರಿಸಬೇಕು. ನನಗೆ ಗೊತ್ತಿರುವ ಯಾರ ಕಾರೂ ಕಡಿಮೆ ತೋರಿಸಿದ್ದು ನೋಡಿಲ್ಲ. ಎಲ್ಲವೂ ಕಂಪನಿಗೆ ಅನುಕೂಲವಾಗುವ ಕಡೆಗೇ ತಪ್ಪುತ್ತವೆ. ಗ್ರಾಹಕನಿಗೆ ಖುಷಿಯಾಗಲಿ ಅಂತ ಮಾಡಿದ್ದೇ ಇದು.

ಸ್ಪ್ಯಾನರ್

ನಿಮ್ಮ ಪ್ರಶ್ನೆಯಲ್ಲಿ ಹುರುಳಿದೆ. ಕಡಿಮೆ ತೋರಿಸುವ ಕಾರುಗಳೂ ನನ್ನ ಹತ್ತಿರ ಬಂದಿವೆ, ಆದರೆ ಜಾಸ್ತಿ ತೋರಿಸುವವೇ ಹೆಚ್ಚು. ಕಂಪನಿಯ ಉದ್ದೇಶ ಏನು ಅಂತ ಊಹೆ ಮಾಡಲು ನಾನು ಹೋಗುವುದಿಲ್ಲ. ಇಷ್ಟಂತೂ ನಿಜ: ಕೆಲವು ಕಾರುಗಳಲ್ಲಿ ಸ್ಕ್ರೀನಿನ ಸಂಖ್ಯೆಗೆ ಒಂದು ಸರಿಪಡಿಸುವ ಗುಣಕ ಇರುತ್ತದೆ, ಅದನ್ನು ಬದಲಾಯಿಸಲು ಬರುತ್ತದೆ. ಫೋಕ್ಸ್‌ವ್ಯಾಗನ್ ಗುಂಪಿನ ಹಲವು ಕಾರುಗಳಲ್ಲಿ ಡಯಾಗ್ನೋಸ್ಟಿಕ್ ಉಪಕರಣ ಹಾಕಿ ಮೀಟರ್ ಒಳಗೆ ಹೋದರೆ ಶೇ 85ರಿಂದ 115ರವರೆಗೆ ಇಡಬಹುದು. ಬಿಎಂಡಬ್ಲ್ಯು ಕಾರುಗಳ ಹಳೆಯ ಮಾದರಿಗಳಲ್ಲಿ ಮೀಟರಿನ ಗುಪ್ತ ಮೆನುವಿನಲ್ಲೇ ಇದು ಇದೆ. ಅಂದರೆ ಈ ಸಂಖ್ಯೆ ತಪ್ಪಬಹುದು, ತಿದ್ದಬೇಕಾಗಬಹುದು ಅಂತ ತಯಾರಿಸಿದವರಿಗೇ ಗೊತ್ತಿದೆ. ಅದನ್ನು ಮಾಲೀಕರಿಗೆ ಬಾಯಿಬಿಟ್ಟು ಹೇಳುವುದಿಲ್ಲ ಅನ್ನುವುದೇ ನನ್ನ ಬೇಸರ. ಕೈಪಿಡಿಯಲ್ಲಿ ಒಂದು ಪುಟ ಬರೆದರೆ ಎಷ್ಟು ಜನರ ತಲೆನೋವು ತಪ್ಪುತ್ತಿತ್ತು.

ಯುರೋಪಿನಲ್ಲಿ ಈ ಬಗ್ಗೆ ಕಾನೂನೇ ಬಂದಿದೆ. 2021ರ ಜನವರಿಯಿಂದ ಅಲ್ಲಿ ನೋಂದಣಿಯಾಗುವ ಹೊಸ ಪೆಟ್ರೋಲ್, ಡೀಸೆಲ್ ಕಾರುಗಳು ತಮ್ಮ ಜೀವಮಾನದಲ್ಲಿ ಸುಟ್ಟ ಇಂಧನವನ್ನೂ ಓಡಿದ ದೂರವನ್ನೂ ಒಳಗೇ ದಾಖಲಿಸಬೇಕು, ಇಂಧನದ ಲೆಕ್ಕದಲ್ಲಿ ತಪ್ಪು ಶೇ 5 ಮೀರಬಾರದು. ಆದರೆ ಆ ನಿಯಮ ಒಳಗಿನ ದಾಖಲೆಗೆ. ಸ್ಕ್ರೀನಿನಲ್ಲಿ ಕಾಣುವ ಸಂಖ್ಯೆ ಅದೇ ಆಗಿರಬೇಕು ಅಂತೇನಿಲ್ಲ. ಇನ್ನೊಂದು ಗಮನಿಸಿ, ಇಷ್ಟು ಕಟ್ಟುನಿಟ್ಟಿನ ಕಾನೂನಿಗೂ ಶೇ 5ರ ರಿಯಾಯಿತಿ ಕೊಡಬೇಕಾಯಿತು. ಇಂಜೆಕ್ಟರ್ ನಂಬಿ ಲೆಕ್ಕ ಹಾಕುವುದರ ಮಿತಿ ಅದು.

ಹೊಸಚಾಲಕಿ

ನನ್ನದು ಸ್ವಲ್ಪ ಬೇರೆ ಪ್ರಶ್ನೆ. ನನ್ನ ಕಾರಿನಲ್ಲಿ ಮೂರು ಸರಾಸರಿ ಬರುತ್ತವೆ. ಒಂದು ಕಾರು ಸ್ಟಾರ್ಟ್ ಮಾಡಿದಾಗಿನಿಂದ, ಒಂದು ಪೆಟ್ರೋಲ್ ಹಾಕಿಸಿದಾಗಿನಿಂದ, ಇನ್ನೊಂದು ನಾನೇ ರಿಸೆಟ್ ಮಾಡುವವರೆಗೆ. ಮೊದಲಿನದ್ದು ಹತ್ತಿರದ ಓಡಾಟದಲ್ಲಿ 11ಕ್ಕೆ ಇಳಿಯುತ್ತದೆ, ಕೊನೆಯದು 16ರಲ್ಲೇ ಕೂತಿರುತ್ತದೆ. ಯಾವುದು ಸರಿ?

ಸ್ಪ್ಯಾನರ್

ಮೂರೂ ಸರಿ ಮೇಡಂ, ಮೂರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ.

ಹತ್ತಿರದ ಓಡಾಟದಲ್ಲಿ 11 ಬರುವುದು ನಿಜವೇ ಇರಬಹುದು. ತಣ್ಣಗಿರುವ ಇಂಜಿನಿಗೆ ಮೊದಲ ಕೆಲವು ಕಿಲೋಮೀಟರ್ ಪೆಟ್ರೋಲ್ ಜಾಸ್ತಿ ಬೇಕು. ಜೊತೆಗೆ ನಿಂತಲ್ಲಿ ಇಂಜಿನ್ ಓಡುವಾಗ ಲೀಟರ್ ಖರ್ಚಾಗುತ್ತದೆ, ಕಿಲೋಮೀಟರ್ ಬರುವುದಿಲ್ಲ. 10 ಕಿ.ಮೀ. ಹೋಗಲು 0.6 ಲೀಟರ್ ಬೇಕಾಯಿತು ಅಂದುಕೊಳ್ಳಿ, 16.7 ಮೈಲೇಜ್. ಅದೇ ದಾರಿಯಲ್ಲಿ ಸಿಗ್ನಲ್, ಟ್ರಾಫಿಕ್ ಅಂತ ಎಸಿ ಹಾಕಿಕೊಂಡು ಒಟ್ಟು 20 ನಿಮಿಷ ನಿಂತಿರಿ, ಗಂಟೆಗೆ 0.9 ಲೀಟರ್ ಲೆಕ್ಕದಲ್ಲಿ ಇನ್ನೂ 0.3 ಲೀಟರ್ ಹೋಯಿತು. ಈಗ 10 ಕಿ.ಮೀ.ಗೆ 0.9 ಲೀಟರ್, ಮೈಲೇಜ್ 11.1. ಸ್ಕ್ರೀನ್ ಸುಳ್ಳು ಹೇಳುತ್ತಿಲ್ಲ.

ಬಂಕಿನ ಲೆಕ್ಕಕ್ಕೆ ಹೋಲಿಸುವುದಾದರೆ ಪೆಟ್ರೋಲ್ ಹಾಕಿಸಿದಾಗಿನಿಂದ ಬರುವ ಸರಾಸರಿ ತೆಗೆದುಕೊಳ್ಳಬೇಡಿ. ಎಷ್ಟೋ ಕಾರುಗಳಲ್ಲಿ ಅದು ಸ್ವಲ್ಪ ಪೆಟ್ರೋಲ್ ಹಾಕಿಸಿದರೂ ತಾನಾಗಿ ರಿಸೆಟ್ ಆಗಿಬಿಡುತ್ತದೆ. ನೀವೇ ರಿಸೆಟ್ ಮಾಡುವುದನ್ನು ಬಳಸಿ. ಬಂಕಿನಲ್ಲಿ ಲೆಕ್ಕ ಶುರು ಮಾಡುವ ದಿನ ಒತ್ತಿ, ಆಮೇಲೆ ಕೈ ಹಚ್ಚಬೇಡಿ. ಹೋಲಿಸಲು ಬಂದವರಲ್ಲಿ ಅರ್ಧ ಜನ ಎಡವುವುದು ಇಲ್ಲೇ. ಲೀಟರ್ ಈ ಟ್ಯಾಂಕಿನದ್ದು, ಸ್ಕ್ರೀನಿನ ಸರಾಸರಿ ಕಳೆದ ವರ್ಷದಿಂದ ಬಂದದ್ದು.

ಲೆಕ್ಕದಪುಸ್ತಕ

ಇದಕ್ಕೆ ಹೊಂದಿಕೊಂಡು ಇನ್ನೊಂದು ತಪ್ಪಿದೆ, ಅದನ್ನೂ ಹೇಳಿಬಿಡುತ್ತೇನೆ. ಹಲವರು ಪ್ರತಿ ಪ್ರಯಾಣದ ಕೊನೆಗೆ ಸ್ಕ್ರೀನಿನ ಫೋಟೊ ತೆಗೆದು, ತಿಂಗಳ ಕೊನೆಗೆ ಎಲ್ಲ ಕೂಡಿಸಿ ಭಾಗಿಸುತ್ತಾರೆ. ಹಾಗೆ ಸರಾಸರಿ ಬರುವುದಿಲ್ಲ.

100 ಕಿ.ಮೀ. ಊರೊಳಗೆ ಓಡಿಸಿದಿರಿ, ಮೈಲೇಜ್ 10. ಇನ್ನು 100 ಕಿ.ಮೀ. ಹೈವೇ, ಮೈಲೇಜ್ 20. ಸರಾಸರಿ 15 ಅನ್ನಿಸುತ್ತದೆ. ಆದರೆ ಮೊದಲನೆಯದಕ್ಕೆ 10 ಲೀಟರ್, ಎರಡನೆಯದಕ್ಕೆ 5 ಲೀಟರ್ ಖರ್ಚಾಗಿದೆ. 200 ಕಿ.ಮೀ.ಗೆ 15 ಲೀಟರ್, 13.3. ಹೀಗೆ ಮಾಡಿದರೆ ಸ್ಕ್ರೀನ್ ಶೇ 12 ಜಾಸ್ತಿ ತೋರಿಸುತ್ತಿದೆ ಅಂತ ಕಾಣುತ್ತದೆ, ಆದರೆ ಸ್ಕ್ರೀನಿನದ್ದೇನೂ ತಪ್ಪಿರುವುದಿಲ್ಲ. ಒಟ್ಟು ಕಿಲೋಮೀಟರ್, ಒಟ್ಟು ಲೀಟರ್. ಬೇರೆ ಯಾವ ಸರಾಸರಿಯೂ ಬೇಡ.

ಯುರೋಪಿನಲ್ಲಿ 100 ಕಿ.ಮೀ.ಗೆ ಎಷ್ಟು ಲೀಟರ್ ಅಂತ ಬರೆಯುವುದು ಇದಕ್ಕೇ ಅನುಕೂಲ. ಲೀಟರನ್ನು ನೇರವಾಗಿ ಕೂಡಿಸಬಹುದು. ನಿಮ್ಮ ಕಾರಿನ ಸೆಟ್ಟಿಂಗಿನಲ್ಲಿ ಅದು ಇದ್ದರೆ ಒಂದು ತಿಂಗಳು ಹಾಕಿ ನೋಡಿ. ಮೈಲೇಜ್ 10ರಿಂದ 12ಕ್ಕೆ ಏರಿದರೆ 100 ಕಿ.ಮೀ.ಗೆ 1.7 ಲೀಟರ್ ಉಳಿಯುತ್ತದೆ. 20ರಿಂದ 22ಕ್ಕೆ ಏರಿದರೆ ಉಳಿಯುವುದು ಅರ್ಧ ಲೀಟರೂ ಇಲ್ಲ. ನಮ್ಮ ಕಡೆಯ ಲೆಕ್ಕದಲ್ಲಿ ಎರಡೂ ‘ಎರಡು ಕಿಲೋಮೀಟರ್ ಜಾಸ್ತಿ’ ಅಂತಲೇ ಕೇಳಿಸುತ್ತದೆ.

ಡೀಸೆಲ್‌ಗಾಡಿ

ಡೀಸೆಲ್ ಕಾರಿನವರಿಗೆ ಒಂದೆರಡು ಮಾತು. ನಮ್ಮಲ್ಲಿ ಬಂಕಿನ ಲೆಕ್ಕ ಇನ್ನೂ ಜಾಸ್ತಿ ಅಲ್ಲಾಡುತ್ತದೆ, ಡೀಸೆಲ್ ನೊರೆ ಬರುವುದು ಹೆಚ್ಚು. ನಾಝಲ್ ಬೇಗ ಕಟ್ ಆಗುತ್ತದೆ, ನೊರೆ ಇಳಿದ ಮೇಲೆ ನೋಡಿದರೆ ಇನ್ನೂ ಜಾಗ ಇರುತ್ತದೆ.

ಇನ್ನೊಂದು, ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ಇರುವ ಗಾಡಿಗಳು. ಮಸಿ ತುಂಬಿದಾಗ ಅದನ್ನು ಸುಡಲು ಇಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಆ ಹೊತ್ತಿನಲ್ಲಿ ಅದೇ ರಸ್ತೆ, ಅದೇ ವೇಗ ಇದ್ದರೂ ಕ್ಷಣಕ್ಷಣದ ಮೈಲೇಜ್ ಸಟ್ಟನೆ ಇಳಿಯುತ್ತದೆ. ಒಂದು ಟ್ಯಾಂಕಿನಲ್ಲಿ ಇದು ಒಂದು ಸಲ ಆಗಿ, ಇನ್ನೊಂದರಲ್ಲಿ ಎರಡು ಸಲ ಆದರೆ ಮೈಲೇಜ್ ಬೇರೆ ಬರುವುದು ಸಹಜ.

ಇಂಜೆಕ್ಟರ್ ಬದಲಾಯಿಸಿದ್ದರೆ ಅದರ ಮೇಲಿನ ಕೋಡನ್ನು ಇಸಿಯುಗೆ ಹಾಕಿದ್ದಾರಾ ಅಂತ ಕೇಳಿ. ಹೊಸ ಕಾಲದ ಡೀಸೆಲ್ ಇಂಜೆಕ್ಟರುಗಳಿಗೆ ಒಂದೊಂದಕ್ಕೂ ಅದರದ್ದೇ ಕೋಡ್ ಇರುತ್ತದೆ. ಮಾದರಿಗಿಂತ ಇದು ಎಷ್ಟು ಹೆಚ್ಚುಕಡಿಮೆ ಬಿಡುತ್ತದೆ ಅನ್ನುವುದು ಅದರಲ್ಲಿ ಇರುತ್ತದೆ. ಹಾಕದೇ ಬಿಟ್ಟರೆ ಸ್ಕ್ರೀನಿನ ಲೆಕ್ಕ ಅಷ್ಟೇ ಅಲ್ಲ, ಇಂಜಿನ್ ಓಡುವುದೂ ಸರಿಯಾಗುವುದಿಲ್ಲ.

ತಂತಿಪೆಟ್ಟಿಗೆ

ನಾನು ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ (ಗ್ಯಾರೇಜಿನವರು ಉಪಕರಣ ಹಾಕಿ ಕಾರು ಪರೀಕ್ಷಿಸುವ ಸಾಕೆಟ್) ಬ್ಲೂಟೂತ್ ಅಡಾಪ್ಟರ್ ಹಾಕಿ ಮೊಬೈಲ್ ಆ್ಯಪಿನಲ್ಲಿ ನೋಡುತ್ತೇನೆ. ಅದು ಸ್ಕ್ರೀನಿಗಿಂತಲೂ ಜಾಸ್ತಿ ತೋರಿಸುತ್ತದೆ! ಇಸಿಯುನಿಂದಲೇ ನೇರವಾಗಿ ಬರುವುದರಿಂದ ಅದೇ ಹೆಚ್ಚು ನಿಖರ ಅಲ್ವಾ?

ಸ್ಪ್ಯಾನರ್

ಆ್ಯಪಿಗೆ ಇಸಿಯು ಎಲ್ಲವನ್ನೂ ಕೊಡುವುದಿಲ್ಲ. ಹೆಚ್ಚಿನ ಕಾರುಗಳು ಇಂಧನದ ಲೆಕ್ಕವನ್ನು ಆ ಸಾಕೆಟ್ಟಿನಲ್ಲಿ ಹೊರಗೆ ಬಿಡುವುದಿಲ್ಲ. ಆಗ ಆ್ಯಪ್ ಏನು ಮಾಡುತ್ತದೆ? ಇಂಜಿನಿಗೆ ಎಷ್ಟು ಗಾಳಿ ಹೋಯಿತು ಅನ್ನುವುದನ್ನು ತೆಗೆದುಕೊಂಡು 14.7ರಿಂದ ಭಾಗಿಸುತ್ತದೆ. 14.7 ಗ್ರಾಂ ಗಾಳಿಗೆ 1 ಗ್ರಾಂ ಪೆಟ್ರೋಲ್, ಶುದ್ಧ ಪೆಟ್ರೋಲ್ ಪೂರ್ತಿ ಸುಡಲು ಬೇಕಾದ ಅಳತೆ ಅದು. ಆಮೇಲೆ ಒಂದು ಸಾಂದ್ರತೆ ಹಿಡಿದು ಗ್ರಾಂ ಅನ್ನು ಲೀಟರ್ ಮಾಡುತ್ತದೆ. ಹೆಜ್ಜೆ ಹೆಜ್ಜೆಗೂ ಊಹೆ.

ಎಥೆನಾಲ್ ಬೆರೆತ ಪೆಟ್ರೋಲಿಗೆ 14.7 ಸರಿಹೊಂದುವುದಿಲ್ಲ. ಎಥೆನಾಲಿನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ 1 ಗ್ರಾಂ ಎಥೆನಾಲಿಗೆ ಸುಮಾರು 9 ಗ್ರಾಂ ಗಾಳಿ ಸಾಕು. ಶೇ 20 ಎಥೆನಾಲ್ ಇರುವ ಇ20ಗೆ ಇದು 13.5ರ ಹತ್ತಿರ ಬರುತ್ತದೆ. ಅಂದರೆ ಅಷ್ಟೇ ಗಾಳಿಗೆ ಇಂಧನ ಜಾಸ್ತಿ ಹೋಗುತ್ತಿದೆ, ಆ್ಯಪಿಗೆ ಅದು ಗೊತ್ತಿಲ್ಲ. ಏಳೆಂಟು ಶೇಕಡಾ ಜಾಸ್ತಿ ಮೈಲೇಜ್ ತೋರಿಸಿಬಿಡುತ್ತದೆ. ಸ್ಕ್ರೀನ್ ಇಂಜೆಕ್ಟರ್ ತೆರೆದ ಹೊತ್ತನ್ನು ಕೂಡಿಸುವುದಾದರೆ ಈ ಹಳ್ಳಕ್ಕೆ ಬೀಳುವುದಿಲ್ಲ. ಹೊಗೆಕೊಳವೆಯ ಆಮ್ಲಜನಕ ಸೆನ್ಸರ್ ನೋಡಿಕೊಂಡು ಇಸಿಯು ಇಂಜೆಕ್ಟರನ್ನು ಜಾಸ್ತಿ ಹೊತ್ತು ತೆರೆಯುತ್ತದೆ, ಆ ಜಾಸ್ತಿಯೂ ಲೆಕ್ಕಕ್ಕೆ ಸೇರುತ್ತದೆ.

ಡೀಸೆಲ್ ಗಾಡಿಯಲ್ಲಂತೂ ಗಾಳಿಯಿಂದ ಲೆಕ್ಕ ಹಾಕುವುದು ಆಗದ ಕೆಲಸ. ಅಲ್ಲಿ ಗಾಳಿ ಯಾವಾಗಲೂ ಬೇಕಾದ್ದಕ್ಕಿಂತ ಜಾಸ್ತಿಯೇ ಹೋಗುತ್ತಿರುತ್ತದೆ.

ಆದರೆ ಇದೇ ಆ್ಯಪಿನಲ್ಲಿ ಬೇರೆ ಒಂದು ಉಪಯೋಗ ಇದೆ. ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ ಅಂತ ಬರುತ್ತದೆ ನೋಡಿ. ಇಸಿಯು ತನ್ನ ಕೋಷ್ಟಕಕ್ಕಿಂತ ಎಷ್ಟು ಶೇಕಡಾ ಹೆಚ್ಚುಕಡಿಮೆ ಇಂಧನ ಹಾಕಬೇಕಾಗಿ ಬಂದಿದೆ ಅನ್ನುವುದು ಅದು. ಸೊನ್ನೆಯ ಆಸುಪಾಸಿನಲ್ಲಿ ಇದ್ದರೆ ಒಳ್ಳೆಯದು. ಇಂಜೆಕ್ಟರಿನಲ್ಲಿ ಕೊಳೆ ಕೂತು ಕಡಿಮೆ ಬಿಡುತ್ತಿದ್ದರೆ, ಅಷ್ಟೇ ಪೆಟ್ರೋಲ್ ಕೊಡಲು ಇಸಿಯು ಅದನ್ನು ಹೆಚ್ಚು ಹೊತ್ತು ತೆರೆಯಬೇಕು. ಟ್ರಿಮ್ +8, +10 ಅಂತ ಏರುತ್ತದೆ. ನಿಜವಾಗಿ ಹೋದ ಪೆಟ್ರೋಲ್ ಜಾಸ್ತಿ ಆಗಿಲ್ಲ, ಆದರೆ ಸ್ಕ್ರೀನ್ ಜಾಸ್ತಿ ಹೋಯಿತು ಅಂತ ಲೆಕ್ಕ ಹಿಡಿದು ಮೈಲೇಜ್ ಕಡಿಮೆ ತೋರಿಸುತ್ತದೆ. ಜಾಸ್ತಿ ತೋರಿಸುತ್ತಿದ್ದ ಸ್ಕ್ರೀನ್ ಕ್ರಮೇಣ ಬಂಕಿನ ಲೆಕ್ಕಕ್ಕೆ ಹತ್ತಿರ ಬರುತ್ತಿದೆ ಅಂದರೆ ಖುಷಿಪಡುವ ಮೊದಲು ಈ ಟ್ರಿಮ್ ನೋಡಿ.

ತಂತಿಪೆಟ್ಟಿಗೆ

ಧನ್ಯವಾದ ಸರ್. ಈಗಲೇ ನೋಡಿದೆ, +3ರ ಹತ್ತಿರ ಇದೆ.

ಸ್ಪ್ಯಾನರ್

ಏನೂ ತೊಂದರೆ ಇಲ್ಲ, ಹಾಯಾಗಿ ಓಡಿಸಿ.

ನಾಲ್ಕುಚಕ್ರ

ಇ20 ಹಾಕಿಸಿದ ಮೇಲೆ ಮೈಲೇಜ್ ಇಳಿದದ್ದು ಹಾಗಾದರೆ ನಿಜವೋ, ಸ್ಕ್ರೀನಿನ ಭ್ರಮೆಯೋ?

ಲೆಕ್ಕದಪುಸ್ತಕ

ನಿಜ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದೆ, ಎಥೆನಾಲಿನಲ್ಲಿ ಸುಮಾರು 21. ಐದರಲ್ಲಿ ಒಂದು ಪಾಲು ಎಥೆನಾಲ್ ಸೇರಿದಾಗ ಲೀಟರಿಗೆ ಶೇ 6–7ರಷ್ಟು ಶಕ್ತಿ ಕಡಿಮೆ ಆಗುತ್ತದೆ. ಅದಕ್ಕೆಂದೇ ಹೊಂದಿಸಿದ ಇಂಜಿನ್ ಇದರಲ್ಲಿ ಸ್ವಲ್ಪವನ್ನು ವಾಪಸ್ ಗಿಟ್ಟಿಸಿಕೊಳ್ಳಬಹುದು. ಇಂಥ ಸಣ್ಣ ಬದಲಾವಣೆ ಕಂಡುಹಿಡಿಯಲು ಒಂದು ಟ್ಯಾಂಕಿನ ಬಂಕ್ ಲೆಕ್ಕ ಸಾಲದು, ಅದೇ ಶೇ 4 ಅಲ್ಲಾಡುತ್ತದೆ. ಇಲ್ಲಿ ಸ್ಕ್ರೀನೇ ಉಪಯೋಗಕ್ಕೆ ಬರುವುದು. ಅದು ಹೇಳುವ ಸಂಖ್ಯೆ ತಪ್ಪಿರಬಹುದು. ಮೊದಲಿಗಿಂತ ಎಷ್ಟು ಬದಲಾಯಿತು ಅನ್ನುವುದನ್ನು ಅದು ಚೆನ್ನಾಗಿ ಹೇಳುತ್ತದೆ. ಟೈರ್ ಗಾಳಿ, ಎಸಿ, ಮೇಲಿನ ಲಗೇಜ್ ಕ್ಯಾರಿಯರ್, 80ರ ಬದಲು 100ರಲ್ಲಿ ಹೋಗುವುದು, ಇವೆಲ್ಲದರ ಪರಿಣಾಮ ನೋಡಲು ನಾನು ಸ್ಕ್ರೀನನ್ನೇ ನಂಬುತ್ತೇನೆ.

ಹೊಸಚಾಲಕಿ

ಕೊನೆಯದಾಗಿ ಒಂದು. ‘ಇನ್ನು ಇಷ್ಟು ಕಿ.ಮೀ. ಹೋಗಬಹುದು’ ಅಂತ ಬರುತ್ತದಲ್ಲ, ಅದರಲ್ಲೂ ಇದೇ ತಪ್ಪು ಸೇರಿರುತ್ತದೆಯಾ?

ಸ್ಪ್ಯಾನರ್

ಸೇರಿರುತ್ತದೆ, ಜೊತೆಗೆ ಇನ್ನೊಂದು ತಪ್ಪೂ ಸೇರುತ್ತದೆ. ಉಳಿದ ಪೆಟ್ರೋಲ್ ಎಷ್ಟು ಅನ್ನುವುದು ತೇಲುಗುಂಡಿನಿಂದ ಬರುತ್ತದೆ, ಲೀಟರಿಗೆ ಎಷ್ಟು ಓಡುತ್ತದೆ ಅನ್ನುವುದು ಇತ್ತೀಚೆಗೆ ಓಡಿಸಿದ ರೀತಿಯಿಂದ. ಹೈವೇಯಿಂದ ಇಳಿದು ಬಂದಾಗ 120 ಅಂತ ಇದ್ದದ್ದು ಟ್ರಾಫಿಕ್ಕಿಗೆ ಸಿಕ್ಕ ಮೇಲೆ ಬೇಗ ಬೇಗ ಇಳಿಯುವುದು ಅದಕ್ಕೇ. ಘಾಟಿ ಇಳಿದು ಬಂದ ಕೂಡಲೇ ಅದು ತೋರಿಸುವ ಸಂಖ್ಯೆಯನ್ನು ಮಾತ್ರ ಖಂಡಿತ ನಂಬಬೇಡಿ. ಇಳಿಜಾರಿನಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಜೆಕ್ಟರುಗಳು ಪೂರ್ತಿ ಮುಚ್ಚಿರುತ್ತವೆ, ಖರ್ಚು ಸೊನ್ನೆ, ಸರಾಸರಿ ಸಿಕ್ಕಾಪಟ್ಟೆ ಏರಿರುತ್ತದೆ.

ಸೊನ್ನೆ ತೋರಿಸಿದ ಮೇಲೂ ಟ್ಯಾಂಕಿನಲ್ಲಿ ಸ್ವಲ್ಪ ಉಳಿದಿರುತ್ತದೆ ಅಂತ ಪರೀಕ್ಷೆ ಮಾಡಲು ಹೋಗಬೇಡಿ. ಪೆಟ್ರೋಲ್ ಪಂಪ್ ಟ್ಯಾಂಕಿನ ಒಳಗೇ ಇರುತ್ತದೆ, ಸುತ್ತಲಿನ ಪೆಟ್ರೋಲೇ ಅದನ್ನು ತಣ್ಣಗೆ ಇಡುವುದು. ಒಣಗಿಸಿ ಓಡಿಸಿದರೆ ಪಂಪ್ ಸುಡಬಹುದು. ನಾನು ಎಲ್ಲರಿಗೂ ಹೇಳುವುದು ಇಷ್ಟೇ, 80 ಕಿ.ಮೀ. ಅಂತ ಕಂಡಾಗ ಬಂಕ್ ಹುಡುಕಲು ಶುರು ಮಾಡಿ.